ಮೊಟ್ಟೆ ಕೇಳಿದ ಹುಡುಗಿ, ಹುಳ ತೋರಿಸಿದ ಹುಡುಗ

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ,

ನನ್ನದೇ ಒಂದು ತಪ್ಪು ಒಪ್ಪಿಕೊಂಡು ಈ ಮಾತು ಶುರು ಮಾಡುತ್ತೇನೆ.

ಆಗ ನಾನು ಹತ್ತನೇ ಕ್ಲಾಸು. ಸರ್ಕಾರಿ ಹಾಸ್ಟೆಲು. ಯಾವ ಊರು, ಯಾವ ಹಾಸ್ಟೆಲು ಅನ್ನುವುದು ಬೇಡ. ನಿಮ್ಮದೇ ಹಾಸ್ಟೆಲು ಅಂದುಕೊಳ್ಳಿ, ಏನೂ ವ್ಯತ್ಯಾಸವಾಗುವುದಿಲ್ಲ. ಒಂದು ದಿನ ಜಿಲ್ಲೆಯಿಂದ ಆಫೀಸರು ಬಂದರು. ಹಿಂದಿನ ದಿನವೇ ಸುದ್ದಿ ಬಂದಿತ್ತು. ನೆಲ ತೊಳೆಸಿದರು, ಬೀರುವಿನಲ್ಲಿದ್ದ ಹೊಸ ತಟ್ಟೆ ಹೊರಗೆ ತೆಗೆದರು. ಆವತ್ತು ಸಾಂಬಾರಿನಲ್ಲಿ ಬೇಳೆ ಇತ್ತು. ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಆಫೀಸರು ಕೇಳಿದರು: 'ಊಟ ಚೆನ್ನಾಗಿದೆಯೇನ್ರೋ?' ಅವರ ಬೆನ್ನ ಹಿಂದೆ ವಾರ್ಡನ್ನರು ನಿಂತಿದ್ದರು. ಅರವತ್ತು ಹುಡುಗರು ಒಂದೇ ಬಾಯಲ್ಲಿ 'ಚೆನ್ನಾಗೈತೆ ಸಾ' ಅಂದೆವು.

ಐದನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ಎದ್ದು ನಿಂತ. ಬಂದು ಎರಡು ತಿಂಗಳಾಗಿತ್ತಷ್ಟೆ, ಹಾಸ್ಟೆಲಿನ ರೀತಿ ಇನ್ನೂ ಕಲಿತಿರಲಿಲ್ಲ. 'ದಿನಾ ಅನ್ನದಾಗೆ ಹುಳ ಇರ್ತಾವೆ ಸಾ' ಅಂದ. ಅಂದು ಸುಮ್ಮನಾಗಲಿಲ್ಲ, ಚಡ್ಡಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ತೋರಿಸಿದ. ಆಫೀಸರು ನಕ್ಕರು. 'ಗಟ್ಟಿಗ ಕಣಯ್ಯ ನೀನು' ಅಂತ ಬೆನ್ನು ತಟ್ಟಿದರು. ರಿಜಿಸ್ಟರಿಗೆ ಸಹಿ ಹಾಕಿ ಜೀಪು ಹತ್ತಿ ಹೊರಟರು.

ಅವತ್ತು ರಾತ್ರಿ ಆ ಹುಡುಗನ ತಟ್ಟೆಗೆ ಎಲ್ಲರಿಗೂ ಬಡಿಸಿ ಉಳಿದದ್ದು ಬಿತ್ತು. ಮರುದಿನವೂ ಹಾಗೇ. ಮೂರನೇ ದಿನ 'ನಿನ್ನ ಪ್ರಮಾಣಪತ್ರ ಸರಿಯಿಲ್ಲ, ಅಪ್ಪನ್ನ ಕರ್ಕೊಂಡು ಬಾ' ಅಂದರು. ಅಪ್ಪ ಕೂಲಿ ಬಿಟ್ಟು ಬಂದ, ಕೈ ಕಟ್ಟಿಕೊಂಡು ನಿಂತ, ಮಗನ ಬೆನ್ನಿಗೆ ತಾನೇ ಎರಡು ಬಿಟ್ಟು 'ಬುದ್ಧಿ, ತಪ್ಪಾಯ್ತು' ಅಂದ. ವಾರ ತುಂಬುವ ಮುಂಚೆ ಆ ಹುಡುಗ ಟ್ರಂಕು ಹೊತ್ತುಕೊಂಡು ಗೇಟು ದಾಟಿದ. ಮತ್ತೆ ಬರಲಿಲ್ಲ.

ನಾನೇನು ಮಾಡಿದೆ? ಹಾಸ್ಟೆಲಿಗೆ ದೊಡ್ಡವನು ನಾನು. ರಾತ್ರಿ ಅವನ ಹತ್ತಿರ ಹೋಗಿ 'ನಿಂಗ್ಯಾಕೋ ಬೇಕಿತ್ತು?' ಅಂದೆ. ಅಷ್ಟೇ ನಾನು ಮಾಡಿದ್ದು. ಹುಳ ನನ್ನ ತಟ್ಟೆಯಲ್ಲೂ ಇತ್ತು. ನಾನು ಅದನ್ನು ಬದಿಗೆ ತೆಗೆದಿಟ್ಟು ಉಣ್ಣುವುದನ್ನು ಕಲಿತಿದ್ದೆ. ಅದನ್ನೇ ನಾನು ವಿದ್ಯೆ ಅಂದುಕೊಂಡಿದ್ದೆ.

ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಮಕ್ಕಳ ಮಾತಿಗೆ ಬೆಲೆ ಇದೆಯೇ ಅಂತ ಯಾರಾದರೂ ಚರ್ಚೆ ಮಾಡಿದಾಗಲೆಲ್ಲ ನನಗೆ ಆ ಪೊಟ್ಟಣ ನೆನಪಾಗುತ್ತದೆ. ಆ ಹುಡುಗನಿಗೆ ಬಾಯಿ ಇರಲಿಲ್ಲವೇ? ಇತ್ತು. ಅವನು ಹೇಳಲಿಲ್ಲವೇ? ಹೇಳಿದ. ಆಫೀಸರಿಗೆ ಕೇಳಿಸಲಿಲ್ಲವೇ? ಕೇಳಿಸಿತು. ಹಾಗಾದರೆ ಇಲ್ಲದೆ ಹೋದದ್ದು ಏನು? ಅವನ ಹಿಂದೆ ನಿಲ್ಲುವವರು ಇರಲಿಲ್ಲ. ಉಳಿದ ಐವತ್ತೊಂಬತ್ತು ಜನ ಇರಲಿಲ್ಲ.

ಗೆಳೆಯರೇ, ನಮ್ಮ ಮಕ್ಕಳ ಬಾಯಿಗೆ ಎರಡು ಬೀಗ. ಒಂದು ಬೀಗ ಎಲ್ಲ ಮಕ್ಕಳಿಗೂ ಇರುವಂಥದು: ದೊಡ್ಡೋರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ. ಎರಡನೆಯದು ನಮ್ಮ ಕೇರಿಯ ಮಕ್ಕಳಿಗೆ ಮಾತ್ರ: ಊರೋರ ಮುಂದೆ ಬಾಯಿ ಬಿಡಬೇಡ. ಈ ಎರಡನೇ ಬೀಗ ಹಾಕಿದವರು ಊರಿನ ಧಣಿಗಳು. ಹಾಕಿದ್ದು ಬಿಚ್ಚದ ಹಾಗೆ ಕಾಯುತ್ತಿರುವವರು ಮಾತ್ರ ನಮ್ಮ ಅಪ್ಪ ಅವ್ವಂದಿರೇ. ಹೆದರಿಕೆಯಿಂದ, ಪ್ರೀತಿಯಿಂದ, ಮಗ ನಾಲ್ಕಕ್ಷರ ಕಲಿತು ಪಾರಾಗಲಿ ಅನ್ನುವ ಆಸೆಯಿಂದ.

ಶಾಲೆಗೆ ಬಂದರೆ ಅಲ್ಲಿಯೂ ಅದೇ. 'ಎಸ್ಸಿ ಹುಡುಗರೆಲ್ಲ ಎದ್ದು ನಿಲ್ಲಿ, ಸ್ಕಾಲರ್‌ಷಿಪ್ ಫಾರಂ ಬಂದಿದೆ' ಅಂತ ಮೇಷ್ಟರು ಕೂಗಿದಾಗ ನಾವು ಎದ್ದು ನಿಂತಿದ್ದೇವೆ. ಅವತ್ತಿನ ತನಕ ಪಕ್ಕದಲ್ಲಿ ಕೂತಿದ್ದವನು ನಮ್ಮನ್ನು ತಿರುಗಿ ನೋಡಿದ ನೋಟ ಯಾರಿಗೆ ಮರೆತಿದೆ? ಫಾರಂ ಕೊಡಲಿ, ಅದು ನಮ್ಮ ಹಕ್ಕು. ಆದರೆ ಹಾಗೆ ಕೂಗಿ ಎಬ್ಬಿಸಬೇಡಿ ಸಾರ್ ಅಂತ ಹೇಳುವ ಜಾಗ ಶಾಲೆಯಲ್ಲಿ ಎಲ್ಲಿದೆ? ಯಾವ ಪೀರಿಯಡ್ಡಿನಲ್ಲಿದೆ?

ನಮ್ಮ ಮಕ್ಕಳಿಗೆ ಮಾತಾಡಲು ಬರುವುದಿಲ್ಲ, ಕೀಳರಿಮೆ ಜಾಸ್ತಿ ಅಂತ ಹೇಳುವ ಪಂಡಿತರಿದ್ದಾರೆ. ಅವರಿಗೆ ಮೂರು ಮಕ್ಕಳ ಕತೆ ಹೇಳಬೇಕು.

ಒಬ್ಬಳು ಮುಕ್ತಾ ಸಾಳ್ವೆ. ಮಾಂಗ್ ಜಾತಿಯ ಹುಡುಗಿ. ನಮ್ಮ ಕಡೆ ಮಾದಿಗರು ಅನ್ನುತ್ತಾರಲ್ಲ, ಹಾಗೆ. ಪುಣೆಯಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ನಡೆಸುತ್ತಿದ್ದ ಶಾಲೆಯಲ್ಲಿ ಓದಿದವಳು. 1855ರಲ್ಲಿ, ಇನ್ನೂ ಹುಡುಗಿಯಾಗಿದ್ದಾಗಲೇ, ಮಾಂಗ್ ಮಹಾರರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. 'ಜ್ಞಾನೋದಯ' ಎಂಬ ಮರಾಠಿ ಪತ್ರಿಕೆ ಅದನ್ನು ಅಚ್ಚು ಹಾಕಿತು. ವೇದ ಓದಲು ನಮಗೆ ಅಧಿಕಾರವಿಲ್ಲ ಅನ್ನುವುದಾದರೆ ನಮ್ಮ ಧರ್ಮ ಯಾವುದು ಅಂತ ಆ ಹುಡುಗಿ ಕೇಳಿದಳು. ನಮ್ಮ ಹೆಂಗಸರು ಹೆರುವಾಗ ತಲೆ ಮೇಲೆ ಒಂದು ಸೂರೂ ಇರುವುದಿಲ್ಲ, ಮಳೆ ಚಳಿಯಲ್ಲಿ ಅವರ ಪಾಡೇನು ಅಂತ ಬರೆದಳು. ಗಮನಿಸಿ, ಇದನ್ನು ಬರೆದವಳು ಮಂತ್ರಿಯಲ್ಲ, ಪ್ರೊಫೆಸರಲ್ಲ. ಕೆಲವೇ ವರ್ಷ ಸ್ಲೇಟು ಹಿಡಿದ ಶಾಲಾ ಹುಡುಗಿ. ಅಕ್ಷರ ಕೊಟ್ಟವರು ಅದರ ಜೊತೆಗೆ ಕೇಳುವ ಧೈರ್ಯವನ್ನೂ ಕೊಟ್ಟಿದ್ದರು.

ಇನ್ನೊಬ್ಬ ಸಾತಾರಾದ ಶಾಲೆಯ ಭೀಮ. ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕು. ನಲ್ಲಿ ಮುಟ್ಟುವಂತಿಲ್ಲ, ಜವಾನ ಬಂದು ತಿರುಗಿಸಿದರೆ ನೀರು. ಜವಾನ ಬಾರದ ದಿನ ಬಾಯಾರಿಕೆ. ಆ ಶಾಲೆ ಆ ಹುಡುಗನನ್ನು ನಿನಗೆ ಏನನ್ನಿಸುತ್ತದೆ ಅಂತ ಒಂದು ದಿನವಾದರೂ ಕೇಳಿತೇ? ಕೇಳಲಿಲ್ಲ. ಆ ಹುಡುಗ ಬೆಳೆದು ಬಾಬಾಸಾಹೇಬರಾಗಿ ತನ್ನ ಬಾಲ್ಯದ ಆ ನೀರಿನ ಕತೆಯನ್ನು ತಾನೇ ಬರೆದಿಟ್ಟ ಮೇಲೆ ನಮಗೆ ಗೊತ್ತಾಯಿತು. ಬಾಬಾಸಾಹೇಬರಿಗೇನೋ ಬರೆಯಲು ಆಯಿತು. ಅವರ ಜೊತೆಯಲ್ಲಿ ಆ ಕಾಲದಲ್ಲಿ ಗೋಣಿತಟ್ಟಿನ ಮೇಲೆ ಕೂತು, ಬರೆಯುವ ತನಕ ಬೆಳೆಯಲಾಗದೆ ಹೋದ ಮಕ್ಕಳ ಬಾಯಾರಿಕೆಯ ಲೆಕ್ಕ ಯಾರ ಹತ್ತಿರ ಇದೆ?

ಮೂರನೆಯವಳು ನಮ್ಮ ಕಾಲದವಳು, ನಮ್ಮ ರಾಜ್ಯದವಳು. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಕಡೆಯ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಶುರು ಮಾಡಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ತಿನ್ನು ಅಂತ ಯಾರಿಗೂ ಬಲವಂತವಿಲ್ಲ. ಆದರೂ ಗದ್ದಲ ಎದ್ದಿತು. ಮಠಾಧೀಶರು ಬೇಡ ಅಂದರು, ಹೋರಾಟ ಮಾಡುತ್ತೇವೆ ಅಂದರು. ಟೀವಿಯವರು ಸ್ವಾಮಿಗಳನ್ನು ಕೇಳಿದರು, ಮಂತ್ರಿಗಳನ್ನು ಕೇಳಿದರು, ಡಾಕ್ಟರರನ್ನು ಕೇಳಿದರು. ಹಸಿದ ಹೊಟ್ಟೆಯಲ್ಲಿ ಶಾಲೆಗೆ ಬರುವ ಮಗುವನ್ನು ಕೇಳುವುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಆಗ ಗಂಗಾವತಿಯ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ಬೇಡ ಅಂದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅನ್ನುವ ಅರ್ಥದ ಮಾತು ಆಡಿದಳು. ಆ ವಿಡಿಯೋ ಇಡೀ ರಾಜ್ಯ ಸುತ್ತಿತು.

2022ರಲ್ಲಿ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗೂ ಬಂತು. 2024ರಲ್ಲಿ ವಾರಕ್ಕೆ ಆರು ದಿನ ಕೊಡುವ ಏರ್ಪಾಟಾಯಿತು. ಇದೆಲ್ಲ ಒಬ್ಬ ಹುಡುಗಿಯ ಮಾತಿನಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಬಹಳ ಜನ ದುಡಿದಿದ್ದಾರೆ, ವರ್ಷಗಟ್ಟಲೆ ಅರ್ಜಿ ಕೊಟ್ಟಿದ್ದಾರೆ. ಆದರೆ ಒಂದು ಕೆಲಸ ಅವಳಿಂದಲೇ ಆಯಿತು. ಅಲ್ಲಿಯ ತನಕ ಮಾತು 'ಮಕ್ಕಳಿಗೆ ಮೊಟ್ಟೆ ಕೊಡಬಹುದೇ' ಎಂದಿತ್ತು. ಅವಳು ಬಾಯಿ ಬಿಟ್ಟ ಮೇಲೆ 'ನನ್ನ ತಟ್ಟೆಯ ವಿಷಯ ಹೇಳೋಕೆ ನೀನ್ಯಾರು' ಎಂದಾಯಿತು. ನಮ್ಮ ಮನೆಯಲ್ಲಿ ತಿನ್ನುವುದನ್ನು ಶಾಲೆಯಲ್ಲಿ ನಾಚಿಕೊಂಡು ಮುಚ್ಚಿಡುತ್ತಿದ್ದ ಎಷ್ಟು ಮಕ್ಕಳು ಅವತ್ತು ತಲೆ ಎತ್ತಿರಬೇಕು ಯೋಚನೆ ಮಾಡಿ.

ಇನ್ನು ಕಾನೂನಿನ ಮಾತು. ಕಾನೂನು ಏನು ಹೇಳುತ್ತದೆ ಅಂತ ಹಾಸ್ಟೆಲಿನ ಪ್ರತಿ ಹುಡುಗನಿಗೂ ಹುಡುಗಿಗೂ ಬಾಯಿಪಾಠ ಇರಬೇಕು.

ವಿಶ್ವಸಂಸ್ಥೆ 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಾಡಿತು. ಭಾರತ 1992ರಲ್ಲಿ ಅದನ್ನು ಒಪ್ಪಿತು. ಅದರ 12ನೇ ವಿಧಿಯ ಸಾರ ಇಷ್ಟು: ತನ್ನ ಅಭಿಪ್ರಾಯ ಹೇಳಬಲ್ಲ ಪ್ರತಿ ಮಗುವಿಗೂ ತನಗೆ ಸಂಬಂಧಪಟ್ಟ ಎಲ್ಲ ವಿಷಯದಲ್ಲೂ ಹೇಳುವ ಹಕ್ಕಿದೆ, ಆ ಮಾತಿಗೆ ಮಗುವಿನ ವಯಸ್ಸು ತಿಳಿವಳಿಕೆಗೆ ತಕ್ಕ ಬೆಲೆ ಕೊಡಬೇಕು. 2002ರಲ್ಲಿ ಸಂವಿಧಾನಕ್ಕೆ 21ಎ ಸೇರಿತು. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು. ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ ಅಂತ 17ನೇ ಸೆಕ್ಷನ್ ಹೇಳುತ್ತದೆ. ಕೆಳಜಾತಿಯ ಮಗು ಅಂತ ಭೇದ ಮಾಡುವಂತಿಲ್ಲ ಅಂತಲೂ ಕಾಯ್ದೆಯಲ್ಲಿದೆ.

ಸರಿ. ಆ ಕಾಯ್ದೆಯಲ್ಲಿ ಮಗುವಿನ ಮಾತಿಗೆ ಎಷ್ಟು ಜಾಗ? ಶಾಲೆಗೊಂದು ಆಡಳಿತ ಸಮಿತಿ ಇರಬೇಕು, ಅದರಲ್ಲಿ ನೂರಕ್ಕೆ 75 ಜನ ತಂದೆ ತಾಯಿಗಳಿರಬೇಕು ಅಂತ ಇದೆ. ಒಳ್ಳೆಯದು. ಉಳಿದ 25ರಲ್ಲಿ ಮೂರನೇ ಒಂದು ಪಾಲು ಯಾರಿಗೆ ಅನ್ನುವಾಗ ಕೇಂದ್ರ ಸರ್ಕಾರ 2010ರಲ್ಲಿ ಕೊಟ್ಟ ಮಾದರಿ ನಿಯಮ ಹೀಗೆ ಬರೆಯಿತು: ಸ್ಥಳೀಯ ಶಿಕ್ಷಣತಜ್ಞರು, ಒಂದು ಅಡ್ಡಗೆರೆ, ಶಾಲೆಯ ಮಕ್ಕಳು. ಅದೂ ಪೋಷಕರು ತೀರ್ಮಾನಿಸಿದ ಹಾಗೆ. ಅಂದರೆ ತಜ್ಞರು ಸಿಕ್ಕರೆ ಮಗು ಬೇಕಾಗಿಲ್ಲ. ಇಡೀ ದೇಶದ ಮಕ್ಕಳಿಗೆ ತಮ್ಮದೇ ಶಾಲೆಯ ಸಮಿತಿಯಲ್ಲಿ ಸಿಕ್ಕಿದ ಜಾಗ ಆ ಅಡ್ಡಗೆರೆಯ ಆಚೆ ಬದಿ. ಊರ ಆಚೆ ಕೇರಿ ಇದ್ದ ಹಾಗೆ.

ನಮ್ಮ ರಾಜ್ಯದಲ್ಲಿ ಇನ್ನೊಂದು ಬಾಗಿಲಿದೆ. ಕುಂದಾಪುರದ ಕಡೆ 1990ರ ದಶಕದಲ್ಲಿ ದುಡಿಯುವ ಮಕ್ಕಳ ಭೀಮ ಸಂಘ, ಮಕ್ಕಳ ಪಂಚಾಯಿತಿಗಳು ಕೆಲಸ ಮಾಡಿದವು. ಮಕ್ಕಳೇ ಚುನಾವಣೆ ಮಾಡಿಕೊಂಡರು, ತಮ್ಮ ಊರಿನ ಕಷ್ಟ ತಾವೇ ಪಟ್ಟಿ ಮಾಡಿ ದೊಡ್ಡವರ ಪಂಚಾಯಿತಿಯ ಮುಂದಿಟ್ಟರು. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗಲು ಕಾಲುಸಂಕ ಬೇಕು ಅನ್ನುವಂಥದು ದೊಡ್ಡವರ ಕಣ್ಣಿಗೆ ಬೀಳಲಿಲ್ಲ, ಮಕ್ಕಳಿಗೆ ಕಂಡಿತು. 2006ರಿಂದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸುತ್ತಾ ಬಂದಿದೆ. ಇದು ಸಣ್ಣ ವಿಷಯವಲ್ಲ. ಆದರೆ ನಾನು ಕಂಡ ಸಭೆಗಳು ಹೇಗಿದ್ದವು? ಫ್ಲೆಕ್ಸು ಕಟ್ಟುತ್ತಾರೆ. ದೀಪ ಹಚ್ಚುತ್ತಾರೆ. ಒಂದೂವರೆ ಗಂಟೆ ದೊಡ್ಡವರ ಭಾಷಣ. ಕೊನೆಗೆ ಮೇಷ್ಟರು ಬರೆದುಕೊಟ್ಟ ಚೀಟಿ ಹಿಡಿದು ನಾಲ್ಕು ಮಕ್ಕಳು ನಾಲ್ಕು ಪ್ರಶ್ನೆ ಓದುತ್ತಾರೆ. 'ಪರಿಶೀಲಿಸುತ್ತೇವೆ ಮಕ್ಕಳೇ' ಅನ್ನುತ್ತಾರೆ. ಚಾಕಲೇಟು ಹಂಚಿ ಫೋಟೋ ತೆಗೆದು ಮೇಲಕ್ಕೆ ವರದಿ ಕಳಿಸುತ್ತಾರೆ. ಕೇರಿಯ ಮಕ್ಕಳು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದು ಬರುತ್ತಾರೆ.

ನಮ್ಮ ಭಾಷೆಯಲ್ಲಿ ಕೇಳುವುದು ಅಂದರೆ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು, ಬೇಕು ಅನ್ನುವುದೂ ಹೌದು. ಈ ಮೂರರಲ್ಲಿ ಒಂದೂ ಆ ಸಭೆಯಲ್ಲಿ ಆಗಲಿಲ್ಲ.

ಕೇಳದೆ ಹೋದರೆ ಏನಾಗುತ್ತದೆ? 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ್ದು ಬಯಲಾಯಿತು. ವಿಡಿಯೋ ಹೊರಬಿದ್ದ ಮೇಲೆ ಸಸ್ಪೆಂಡು, ಬಂಧನ ಎಲ್ಲ ಆಯಿತು. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ರಾಜ್ಯ ಇದು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ದೇಶಕ್ಕೇ ಆಗಿದೆ. ದಲಿತರಿಂದ ಈ ಕೆಲಸ ಮಾಡಿಸುವುದು ದೌರ್ಜನ್ಯ ಅಂತ 2015ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಇಷ್ಟೆಲ್ಲ ಇದ್ದೂ ಮಕ್ಕಳು ಗುಂಡಿಗೆ ಇಳಿದರು. ಯಾಕೆ ಇಳಿದರು? ಇಳಿಯುವುದಿಲ್ಲ ಅನ್ನಬಹುದು ಅಂತ ಆ ಮಕ್ಕಳಿಗೆ ಯಾರೂ ಕಲಿಸಿರಲಿಲ್ಲ.

ನಮ್ಮ ಹಿರಿಯರು ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಬೀದಿಯಲ್ಲಿ ಕೂಗಿದವರು. ಲಾಠಿ ಏಟು ತಿಂದವರು. ವಸತಿ ಶಾಲೆ ಬಂತು. ಕಟ್ಟಡ ಬಂತು, ಹಾಸಿಗೆ ಬಂತು, ಬಿಸಿನೀರಿನ ಸೋಲಾರೂ ಬಂತು. ಒಳಗೆ ಹೋದ ಮಗುವಿನ ಬಾಯಿ ಬಂದಿಲ್ಲ. ಅದು ಬರುವ ತನಕ ಆ ಹೋರಾಟ ಮುಗಿದಿಲ್ಲ ಅಂತಲೇ ನನ್ನ ಲೆಕ್ಕ.

ಇದಕ್ಕೆ ಎದುರು ಮಾತುಗಳಿವೆ. 'ಮಕ್ಕಳಿಗೇನು ಗೊತ್ತು?' ಅನ್ನುತ್ತಾರೆ. ಅನ್ನದಲ್ಲಿ ಹುಳ ಇದೆಯೋ ಇಲ್ಲವೋ ಗೊತ್ತಿರುವುದು ಉಣ್ಣುವವನಿಗೆ, ರಿಜಿಸ್ಟರಿಗಲ್ಲ. 'ಶಿಸ್ತು ಕೆಡುತ್ತದೆ' ಅನ್ನುತ್ತಾರೆ. ಹೆದರಿಕೆಯ ಹೆಸರು ಶಿಸ್ತು ಅಲ್ಲ. 'ಮೊದಲು ಓದಿ ದೊಡ್ಡವರಾಗಲಿ, ಆಮೇಲೆ ಮಾತಾಡಲಿ' ಅನ್ನುತ್ತಾರೆ. ಹದಿನೈದು ವರ್ಷ ಬಾಯಿ ಮುಚ್ಚಿ ಬೆಳೆದವನು ಆಫೀಸರಾದ ದಿನ ತಟ್ಟನೆ ಬಾಯಿ ಬಿಡುತ್ತಾನೆಯೇ? ನಮ್ಮವರೇ ಆಫೀಸರಾಗಿ ಕೂತಿದ್ದಾರಲ್ಲ, ಎಷ್ಟು ಜನ ಬಾಯಿ ಬಿಟ್ಟಿದ್ದಾರೆ ಎಣಿಸಿ ನೋಡಿ. 1973ರಲ್ಲಿ ಬೂಸಾ ಗಲಾಟೆಯಾದಾಗ ಏಟು ತಿಂದು ಎದ್ದು ನಿಂತವರು ಹಾಸ್ಟೆಲ್ ಹುಡುಗರು. ಅವರು ಓದು ಮುಗಿಯಲಿ ಅಂತ ಕಾದಿದ್ದರೆ ಇವತ್ತು ನಮಗೆ ಈ ಚಳವಳಿಯೇ ಇರುತ್ತಿರಲಿಲ್ಲ.

ಒಂದು ಮಾತು ಮಾತ್ರ ನಿಜ, ಅದನ್ನು ನಾನು ಒಪ್ಪುತ್ತೇನೆ. ಮಾತಾಡಿದ ಮಗುವಿಗೆ ಅಪಾಯ ಇದೆ. ನನ್ನ ಹಾಸ್ಟೆಲಿನ ಹುಡುಗನೇ ಸಾಕ್ಷಿ. ಆದ್ದರಿಂದ 'ಧೈರ್ಯವಾಗಿ ಮಾತಾಡಿ ಮಕ್ಕಳೇ' ಅಂತ ಭಾಷಣ ಬಿಗಿದು ಹೋಗುವವರ ಮೇಲೆ ನನಗೆ ಸಿಟ್ಟು. ಮಗುವನ್ನು ಎಬ್ಬಿಸಿ ನಿಲ್ಲಿಸಿ ನೀವು ಜೀಪು ಹತ್ತಿದರೆ ಅದು ಹಕ್ಕಲ್ಲ, ಬಲಿ. ಹೇಳಿದವನು ಒಬ್ಬನೇ ಅಂತ ಗೊತ್ತಾಗದ ಹಾಗೆ ಹೇಳುವುದನ್ನು ಕಲಿಯಬೇಕು. ಒಟ್ಟಾಗಿ ಹೇಳಬೇಕು, ಬರೆದು ಹೇಳಬೇಕು.

ಇನ್ನೊಂದು ಕಹಿ ಮಾತು, ನಮ್ಮನ್ನೇ ಕುರಿತು. ಹಾಸ್ಟೆಲಿನಲ್ಲಿ ಸಣ್ಣ ಹುಡುಗರ ಕೈಲಿ ಬಟ್ಟೆ ಒಗೆಸುವವರು ಯಾರು? ಬೀಡಿ ತರಲು ಓಡಿಸುವವರು ಯಾರು? ಟೀವಿ ರೂಮಿನಲ್ಲಿ ಮುಂದಿನ ಜಾಗದಿಂದ ಎಬ್ಬಿಸುವವರು ಯಾರು? ನಾವೇ ಅಲ್ಲವೇ? ನಮ್ಮ ಸಭೆಗಳಲ್ಲೂ ಅಷ್ಟೇ. ಮಕ್ಕಳನ್ನು ಕರೆತಂದು ಹೋರಾಟದ ಹಾಡು ಹಾಡಿಸುತ್ತೇವೆ, ಹಾರ ಹಿಡಿಸುತ್ತೇವೆ, ಆಮೇಲೆ 'ಹೋಗಿ ಹಿಂದೆ ಕೂತ್ಕೊಳ್ರೋ' ಅನ್ನುತ್ತೇವೆ. ಹುಡುಗಿಯರ ಹಾಸ್ಟೆಲಿನ ತಂಗಿಯರು ವೇದಿಕೆ ಹತ್ತಿದರೆ ಸ್ವಾಗತಗೀತೆಗೆ ಮಾತ್ರ. ಒಡೆಯರ ಬುದ್ಧಿ ಒಡೆಯರಲ್ಲಿ ಮಾತ್ರ ಇರುವುದಿಲ್ಲ ಕಣ್ರಪ್ಪ. ನಮಗಿಂತ ಸಣ್ಣವರು ಸಿಕ್ಕಾಗ ಅದು ನಮ್ಮೊಳಗೂ ಎದ್ದು ಕೂರುತ್ತದೆ.

ಆದ್ದರಿಂದ ಮಾಡಬೇಕಾದ ಕೆಲಸ ಇಷ್ಟು. ದೊಡ್ಡ ಕೆಲಸವೇನಲ್ಲ.

ಪ್ರತಿ ಹಾಸ್ಟೆಲಿನಲ್ಲಿ ಊಟದ ಸಮಿತಿ ಆಗಲಿ. ವಾರ್ಡನ್ನರು ಆರಿಸಿದವರಲ್ಲ, ಹುಡುಗರೇ ಆರಿಸಿದವರು. ಅದರಲ್ಲಿ ಎಲ್ಲಕ್ಕಿಂತ ಕೆಳಗಿನ ಕ್ಲಾಸಿನ ಇಬ್ಬರು ಕಡ್ಡಾಯವಾಗಿ ಇರಲಿ.

ಒಂದು ನೋಟುಬುಕ್ಕು ಇಡಿ. ವಾರಕ್ಕೊಂದು ಸಭೆ. ಏನು ಕೊಟ್ಟರು, ಏನು ಕೊಡಲಿಲ್ಲ, ಯಾರು ಶೌಚಾಲಯ ತೊಳೆದರು, ಎಲ್ಲ ತಾರೀಖು ಹಾಕಿ ಬರೆಯಿರಿ. ಎಲ್ಲರೂ ಸಹಿ ಹಾಕಿ. ಅರವತ್ತು ಸಹಿ ಇದ್ದರೆ ಯಾರ ಟ್ರಂಕು ಹೊರಗೆ ಹಾಕುತ್ತಾರೆ?

ಆಫೀಸರು ಬಂದಾಗ 'ವಾರ್ಡನ್ನರು ಹೊರಗಿರಲಿ, ನಮ್ಮ ಜೊತೆ ಹತ್ತು ನಿಮಿಷ ಕೂತ್ಕೊಳ್ಳಿ ಸಾರ್' ಅಂತ ಕೇಳಿ. ಕೇಳುವುದು ದೊಡ್ಡವರ ಕೆಲಸ, ಚಿಕ್ಕವರ ಮೇಲೆ ಬಿಡಬೇಡಿ.

ರಜೆಗೆ ಊರಿಗೆ ಹೋದಾಗ ಮಕ್ಕಳ ಗ್ರಾಮಸಭೆ ಯಾವತ್ತು ಅಂತ ಪಂಚಾಯಿತಿಯಲ್ಲಿ ಕೇಳಿ. ಕೇರಿಯ ಮಕ್ಕಳನ್ನು ಹಿಂದಿನ ದಿನವೇ ಕೂಡಿಸಿಕೊಂಡು ಅವರ ಕಷ್ಟ ಅವರ ಮಾತಿನಲ್ಲೇ ಬರೆಸಿ. ಮೊದಲ ಪ್ರಶ್ನೆ ಇದೇ ಇರಲಿ: ಹೋದ ವರ್ಷ ಕೇಳಿದ್ದು ಏನಾಯಿತು? ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ನಡಾವಳಿಯ ನಕಲು ಕೇಳಿ.

ಹೊಡೆತ ಬಿದ್ದರೆ, ಶೌಚಾಲಯ ತೊಳೆಸಿದರೆ, ಜಾತಿ ಹೆಸರು ಹಿಡಿದು ಬೈದರೆ 1098ಕ್ಕೆ ಫೋನು ಮಾಡಬಹುದು. ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರಾಜ್ಯದಲ್ಲಿದೆ, ಅಲ್ಲಿಗೆ ಬರೆಯಬಹುದು. ಆ ನಂಬರನ್ನು ಗೋಡೆಯ ಮೇಲೆ, ಐದನೇ ಕ್ಲಾಸಿನವನ ಕಣ್ಣಿನ ಎತ್ತರಕ್ಕೆ ಬರೆಯಿರಿ.

ಕೊನೆಯದು ಎಲ್ಲಕ್ಕಿಂತ ದೊಡ್ಡದು. ನಿಮ್ಮ ನಡುವೆ ಒಬ್ಬ ಸಣ್ಣ ಹುಡುಗ ಪೊಟ್ಟಣ ಬಿಚ್ಚಿ ತೋರಿಸಿದ ದಿನ, ನೀವೂ ಎದ್ದು ನಿಲ್ಲಿ. 'ಹೌದು ಸಾ, ನನ್ನ ತಟ್ಟೆಯಲ್ಲೂ ಇದೆ' ಅನ್ನಿ. ನಾನು ಅನ್ನಲಿಲ್ಲ. ಇಷ್ಟು ವರ್ಷ ಕಳೆದರೂ ಆ ಟ್ರಂಕು ಗೇಟಿಗೆ ತಗುಲಿದ ಸದ್ದು ನನ್ನ ಕಿವಿಯಲ್ಲಿದೆ.

ನಿಮ್ಮ ಕಿವಿಯಲ್ಲಿ ಅಂಥ ಸದ್ದು ಉಳಿಯದಿರಲಿ.

ಜೈ ಭೀಮ್.